ಶುಗರ್ ಇದ್ದವರ ಕಾಲಿನ ಗಾಯ ಯಾಕೆ ಬೇಗ ಮಾಯುವುದಿಲ್ಲ?

ಮಡಿಕೇರಿ ಕಡೆಯ ಕಾಫಿ ತೋಟದಲ್ಲಿ ಗಮ್‌ಬೂಟು ಉಜ್ಜಿ ಆದ ಗಾಯ ಅಪ್ಪನಿಗೆ ತಿಂಗಳಾದರೂ ಮಾಯುತ್ತಿಲ್ಲ, ಶುಗರ್‌ಗೂ ರಕ್ತನಾಳಕ್ಕೂ ಏನು ಸಂಬಂಧ ಎಂದು ಕೇಳಿದ್ದೀರಿ.

ರಕ್ತನಾಳ ಬರೀ ಪೈಪಲ್ಲ. ಅದರ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳು ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟಾಗ ನಾಳ ಸಡಿಲಗೊಂಡು ಹಿಗ್ಗುತ್ತದೆ (ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಂತು). ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಆ ಅನಿಲ ಸಾಲುವುದಿಲ್ಲ; ನಾಳ ಬಿಗಿಯುತ್ತದೆ, ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ಕಣ್ಣು, ಕಿಡ್ನಿಯ ಸಣ್ಣ ನಾಳಗಳೂ ಕೆಡುತ್ತವೆ.

ಹೀಗಾಗಿ ಪಾದಕ್ಕೆ ರಕ್ತ ಕಡಿಮೆ, ಗಾಯ ಬೇಗ ಮಾಯದು; ಜತೆಗೆ ನರವೂ ಮಂಕು. ಜಿಗಣೆ ಕಚ್ಚಿದ್ದು ಯಾರಿಗೂ ತಿಳಿಯದು ಬಿಡಿ. ಬೂಟು ಉಜ್ಜಿದ್ದು ತಿಳಿಯಲೇಬೇಕಿತ್ತು. ಬೀಡಿ ಸೇದುತ್ತಿದ್ದರೆ ಇನ್ನೂ ಕಷ್ಟ. ಅರಿಸಿನ ಹಚ್ಚುತ್ತಾ ಕೂರಬೇಡಿ, ನಾಳೆಯೇ ಡಾಕ್ಟರಿಗೆ ತೋರಿಸಿ, ಪಾದದ ನಾಡಿಯನ್ನೂ ನೋಡಿಸಿ.