ತೋಟದ ಮೈಲುತುತ್ತ ಮಂಗಳೂರಿನ ಅಳಿವೆ ಮುಟ್ಟುತ್ತದೆಯೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸಾರ್, ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಎಂಟು ಎಕರೆ ಕಾಫಿ, ನಡುನಡುವೆ ಮೆಣಸು, ಒಂದಿಷ್ಟು ಅಡಿಕೆ. ಪ್ರತಿ ವರ್ಷ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಸುತ್ತೇವೆ. ತೋಟದ ಕೆಳಗಿನ ಹಳ್ಳ ಹೋಗಿ ಕುಮಾರಧಾರೆಗೆ ಸೇರುತ್ತದೆ. ಮಂಗಳೂರಲ್ಲಿ ಓದುತ್ತಿರುವ ಮಗಳು, 'ಅಪ್ಪಾ, ನೀವು ಹೊಡೆದದ್ದೆಲ್ಲ ಇಲ್ಲಿಗೆ ಬಂದು ಮೀನಿನ ಹೊಟ್ಟೆ ಸೇರುತ್ತೆ' ಅನ್ನುತ್ತಾಳೆ. ಅಷ್ಟು ದೊಡ್ಡ ಸಮುದ್ರಕ್ಕೆ ಇದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಲ್ಲವೇ? ಇನ್ನೊಂದು ವಿಷಯ, ನಮ್ಮಪ್ಪನ ಕಾಲದ, ಲಿಂಡೇನ್ ಅನ್ನುವ ಕೀಟನಾಶಕದ ಎರಡು ಡಬ್ಬಿ ಗೋಡೌನಿನಲ್ಲಿ ಉಳಿದುಬಿಟ್ಟಿವೆ. ಏನು ಮಾಡಲಿ?

ಉತ್ತರ: ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಆ ಅರ್ಧ ಬೋರ್ಡೋಗೆ ಸೇರಿದ್ದಲ್ಲ, ಗೋಡೌನಿನ ಡಬ್ಬಿಗೆ ಸೇರಿದ್ದು.

ಹುಣಸೆಹಣ್ಣಿನ ಗಾದೆ ಹುಣಸೆಹಣ್ಣಿಗೆ ಸರಿ. ಅದರ ಹುಳಿ ನೀರಿನಲ್ಲಿ ಕರಗಿ, ಹರಡಿ, ತೆಳುವಾಗಿ ಕಾಣೆಯಾಗುತ್ತದೆ. ಕಡಲು ಸೇರಿದ್ದೆಲ್ಲ ಹಾಗೆ ಸಮನಾಗಿ ಹರಡಿಕೊಳ್ಳುವುದಿಲ್ಲ. ಕೆಲವು ವಸ್ತುಗಳು ಕೆಸರನ್ನು ಹುಡುಕಿಕೊಂಡು ಹೋಗುತ್ತವೆ, ಕೆಲವು ಕೊಬ್ಬನ್ನು. ಕೆಲವಂತೂ ನೀರು ಬಿಟ್ಟು ಗಾಳಿಗೆ ಏರುತ್ತವೆ.

ಮೊದಲು ಬೋರ್ಡೋ. 200 ಲೀಟರ್ ಬ್ಯಾರೆಲ್ಲಿಗೆ ಶೇ 1ರ ಲೆಕ್ಕದಲ್ಲಿ 2 ಕೆಜಿ ಮೈಲುತುತ್ತ ಹಾಕುತ್ತೀರಿ. ಅದರಲ್ಲಿ ಬರೀ ತಾಮ್ರ ಸುಮಾರು ಅರ್ಧ ಕೆಜಿ. ತಾಮ್ರ ಮೂಲಧಾತು, ಬಿಸಿಲಿಗೆ ಒಡೆಯುವುದಿಲ್ಲ, ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸುವುದಿಲ್ಲ. ನಿಮ್ಮ ತಾತ ಹೊಡೆಸಿದ ತಾಮ್ರವೂ ಎಲ್ಲೋ ಇದ್ದೇ ಇದೆ. ಎಲ್ಲಿ ಅಂದರೆ, ಹೆಚ್ಚಿನ ಪಾಲು ನಿಮ್ಮ ತೋಟದಲ್ಲೇ, ಮೇಲಿನ ಒಂದು ಗೇಣು ಮಣ್ಣಿನಲ್ಲಿ. ಎಲೆಗೊಬ್ಬರ ತುಂಬಿದ ಮಲೆನಾಡಿನ ಕೆಂಪು ಮಣ್ಣು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದರೆ ಮಾತ್ರ ತಾಮ್ರವೂ ಅದರ ಬೆನ್ನು ಹತ್ತಿ ಹೊರಡುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ಕೆಂಪಗೆ ಹರಿಯುವ ದಿನಗಳೇ ಅದರ ಪ್ರಯಾಣದ ದಿನಗಳು.

ಬೋರ್ಡೋ ಹದವಾಯಿತೋ ಇಲ್ಲವೋ ನೋಡಲು ನಿಮ್ಮ ಆಳುಗಳು ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಬ್ಯಾರೆಲ್ಲಿಗೆ ಅದ್ದಿ ಹಿಡಿಯುತ್ತಾರಲ್ಲ, ಅದನ್ನು ಒಮ್ಮೆ ನೆನಪಿಸಿಕೊಳ್ಳಿ. ಅಲಗಿಗೆ ಕೆಂಪು ಕಂದು ಬಣ್ಣ ಕೂತರೆ 'ಸುಣ್ಣ ಸಾಲದು' ಅಂತ ಇನ್ನಷ್ಟು ತಿಳಿ ಸುರಿಯುತ್ತಾರೆ. ಆ ಬಣ್ಣ ಬೇರೇನಲ್ಲ, ನೀರಿನಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ತಾಮ್ರ ಕಬ್ಬಿಣದ ಮೇಲೆ ಬಂದು ಕೂತದ್ದು. ಸುಣ್ಣ ಹಾಕಿದ ಮೇಲೆ ತಾಮ್ರ ಕಡಿಮೆಯಾಗಿರುವುದಿಲ್ಲ, ಬಿಡಿ ತಾಮ್ರ ಕಡಿಮೆಯಾಗಿರುತ್ತದೆ. ಕಡಲಿನ ರಸಾಯನವೂ ಇದೇ ಕತ್ತಿಯ ಪರೀಕ್ಷೆ. ಸಮುದ್ರದ ನೀರಿನಲ್ಲಿ ಒಟ್ಟು ಎಷ್ಟು ತಾಮ್ರವಿದೆ ಅನ್ನುವುದಕ್ಕಿಂತ ಅದರಲ್ಲಿ ಬಿಡಿಯಾಗಿರುವುದು ಎಷ್ಟು ಅನ್ನುವುದು ಮುಖ್ಯ. ಕೊಳೆತ ಎಲೆ, ಪಾಚಿಯಿಂದ ಬಂದ ಸಾವಯವ ವಸ್ತುಗಳು ಅಲ್ಲಿ ಸುಣ್ಣದ ಕೆಲಸ ಮಾಡಿ ಬಹುಪಾಲನ್ನು ಕಟ್ಟಿಹಾಕಿರುತ್ತವೆ. ಉಳಿದ ಬಿಡಿ ತಾಮ್ರ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮುಟ್ಟಿದರೂ ಸಾಕು, ಚಿಪ್ಪುಮೀನಿನ ಎಳೆಮರಿಗಳು ಸೊರಗುತ್ತವೆ. ವಿಚಿತ್ರ ನೋಡಿ, ಏಡಿ ಸಿಗಡಿಗಳ ರಕ್ತ ಉಸಿರು ಹೊರುವುದೂ ತಾಮ್ರದಿಂದಲೇ, ಅದಕ್ಕೇ ಅವುಗಳ ರಕ್ತಕ್ಕೆ ನೀಲಿ ಛಾಯೆ. ಬೇಕಾದ ವಸ್ತುವೇ ಹೆಚ್ಚಾದರೆ ವಿಷ.

ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಮಂಗಳೂರಿನ ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿ ಸಿಹಿನೀರಿಗೆ ಉಪ್ಪುನೀರು ತಾಗಿದ ಕೂಡಲೇ ಒಂದು ಕೆಲಸ ನಡೆಯುತ್ತದೆ. ಮಳೆಗಾಲದಲ್ಲಿ ಬಾವಿಯ ಕದಡಿದ ನೀರಿಗೆ ಪಟಿಕದ ಗಡ್ಡೆ ಆಡಿಸಿದರೆ ಮಣ್ಣು ಹೇಗೆ ಹೆಪ್ಪುಗಟ್ಟಿದ ಹಾಗೆ ಒಟ್ಟಾಗಿ ತಳಕ್ಕೆ ಇಳಿಯುತ್ತದೋ, ಉಪ್ಪು ಹಾಗೆಯೇ ಹೊಳೆಯ ನುಣ್ಣನೆ ಮಣ್ಣನ್ನು ಕೂಡಿಸಿ ಮುಳುಗಿಸುತ್ತದೆ. ಮಣ್ಣಿಗೆ ಅಂಟಿದ ತಾಮ್ರ, ಸೀಸ, ಪಾದರಸವೂ ಜೊತೆಗೆ ಮುಳುಗುತ್ತವೆ. ವಿದ್ಯಾರ್ಥಿಯಾಗಿದ್ದಾಗ ದೋಣಿಯಲ್ಲಿ ಕೂತು ಅಳಿವೆಯ ತಳದಿಂದ ಕೆಸರು ಎತ್ತಿದ್ದೇನೆ. ಮೇಲೆ ಎರಡು ಬೆರಳಿನಷ್ಟು ಕಂದು ಬಣ್ಣ, ಅದರ ಕೆಳಗೆ ಇದ್ದಿಲಿನಂಥ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಒಳ್ಳೆಯ ಲಕ್ಷಣ ಅಂತ ನಮ್ಮ ಮೇಷ್ಟ್ರು ನಗುತ್ತಿದ್ದರು. ಗಾಳಿಯಾಡದ ಕಪ್ಪು ಕೆಸರಿನ ಗಂಧಕ ಲೋಹಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹೂಳೆತ್ತುವ ಯಂತ್ರ ಬಂದು ಕಲಕಿದಾಗ ಮಾತ್ರ ಆ ಹಿಡಿತ ಸಡಿಲವಾಗುತ್ತದೆ. ಎಲ್ಲ ಲೋಹಗಳೂ ಇದನ್ನೇ ಮಾಡುತ್ತವೆ ಅಂದುಕೊಳ್ಳಬೇಡಿ. ಕ್ಯಾಡ್ಮಿಯಂ ಇದಕ್ಕೆ ತದ್ವಿರುದ್ಧ, ಉಪ್ಪುನೀರು ಸಿಕ್ಕ ಕೂಡಲೇ ಮಣ್ಣನ್ನು ಬಿಟ್ಟು ಕ್ಲೋರೈಡಿನ ಕೈ ಹಿಡಿದು ನೀರಿಗೆ ಬರುತ್ತದೆ.

ಹಾಗಾಗಿ ನಿಮ್ಮ ಬೋರ್ಡೋದಿಂದ ಮಂಗಳೂರಿನ ಬಂಗುಡೆಗೆ ಏನೋ ಆಗಿಬಿಡುತ್ತದೆ ಅಂತ ನಾನು ಹೆದರಿಸುವುದಿಲ್ಲ. ನನ್ನ ಚಿಂತೆ ನಿಮ್ಮ ಹಳ್ಳದ ಏಡಿಗಳದ್ದು. ಬ್ಯಾರೆಲ್, ಸ್ಪ್ರೇಯರ್ ತೊಳೆದ ನೀರನ್ನು ನೇರ ಹಳ್ಳಕ್ಕೆ ಚೆಲ್ಲುವುದನ್ನು ಎಷ್ಟೋ ತೋಟಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಲ್ಲಿಸಿ, ತೋಟದೊಳಗೇ ಹರಡಿ ಸುರಿಸಿ. ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆಸಿದ್ದರೆ ಕೊಚ್ಚಿಹೋಗುವ ಮಣ್ಣು ಅಲ್ಲೇ ನಿಲ್ಲುತ್ತದೆ.

ಇನ್ನು ಡಬ್ಬಿಯ ವಿಷಯ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಕಾಂಡದ ಮೇಲೆ ಲಿಂಡೇನ್ ಹೊಡೆಯಿರಿ ಅಂತ ಒಂದು ಕಾಲಕ್ಕೆ ಶಿಫಾರಸೇ ಇತ್ತು, ನಿಮ್ಮ ತಂದೆಯವರದ್ದೇನೂ ತಪ್ಪಿಲ್ಲ. ಅದಕ್ಕೂ ಹಿಂದೆ ಇದ್ದದ್ದು ಗ್ಯಾಮಾಕ್ಸಿನ್ ಅಂತ ಹಳಬರು ಕರೆಯುವ ಬಿಎಚ್‌ಸಿ ಪುಡಿ. ಆ ಪುಡಿಯಲ್ಲಿ ಹುಳ ಕೊಲ್ಲುವ ಅಂಶ ಶೇ 10ರಿಂದ 15 ಮಾತ್ರ, ಮಿಕ್ಕಿದ್ದು ಅದರ ದಾಯಾದಿಗಳು, ಕೆಲಸಕ್ಕೆ ಬಾರದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥವು. ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಲಿಂಡೇನ್ 2009ರಲ್ಲಿ, ಬೇಗ ಅಳಿಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿತು, ನಮ್ಮಲ್ಲಿ 2013ರಿಂದ ಬಳಸುವಂತಿಲ್ಲ.

ಇವು ತಾಮ್ರದ ಹಾಗೆ ಅಳಿವೆಯಲ್ಲಿ ಕೂರುವ ಜಾತಿಯಲ್ಲ. ಬಿಸಿಲಿನ ನಾಡಿನಲ್ಲಿ ಆವಿಯಾಗಿ ಏಳುತ್ತವೆ, ತಂಪು ಸಿಕ್ಕಲ್ಲಿ ಇಳಿಯುತ್ತವೆ, ಮತ್ತೆ ಏಳುತ್ತವೆ. ಹೀಗೆ ಮಿಡತೆಯಂತೆ ಕುಪ್ಪಳಿಸುತ್ತ ಉತ್ತರ ಧ್ರುವದ ಕಡಲಿನವರೆಗೂ ಹೋಗಿವೆ. ಏಷ್ಯಾದ ಹೊಲಗಳಲ್ಲಿ ಎರಚಿದ ಬಿಎಚ್‌ಸಿಯ ಅಂಶ, ಒಂದು ಪೈರೂ ಬೆಳೆಯದ ಆರ್ಕ್‌ಟಿಕ್ ಸಾಗರದಲ್ಲಿ ಸಿಕ್ಕಿದೆ. ಅದರ ಜೊತೆಗೆ ಕೊಬ್ಬಿನ ಮೋಹ ಬೇರೆ. ನೀರಿಗೆ ಚಿಟಿಕೆ ಅರಿಶಿನ ಹಾಕಿ, ಮೇಲೆ ಒಂದು ಚಮಚ ಎಣ್ಣೆ ಬಿಟ್ಟು ಕಲಕಿ ನೋಡಿ. ಬಣ್ಣ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಡಿಡಿಟಿ, ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ರಾಸಾಯನಿಕ), ಸ್ವಲ್ಪ ಕಡಿಮೆ ಮಟ್ಟಿಗೆ ಲಿಂಡೇನ್, ಕಡಲಿನಲ್ಲಿ ಆ ಅರಿಶಿನದ ಹಾಗೆ. ಎರಡನೇ ಪಿಯು ಜೀವಶಾಸ್ತ್ರದ ಹಿಂದಿನ ಪುಸ್ತಕದಲ್ಲಿ ಒಂದು ಚಿತ್ರವಿತ್ತು, ಮಗಳಿಗೆ ನೆನಪಿರಬಹುದು: ನೀರಿನಲ್ಲಿ ಡಿಡಿಟಿ ಶತಕೋಟಿಗೆ 0.003 ಪಾಲು, ಮೀನು ತಿನ್ನುವ ಹಕ್ಕಿಯಲ್ಲಿ ದಶಲಕ್ಷಕ್ಕೆ 25 ಪಾಲು. ಅಂದರೆ ಸುಮಾರು 80 ಲಕ್ಷ ಪಟ್ಟು. ಸಮುದ್ರ ತೆಳುವಾಗಿಸಿದ್ದನ್ನು ಜೀವಿಗಳು ಮತ್ತೆ ಒಟ್ಟುಗೂಡಿಸುತ್ತವೆ. ನಿಮ್ಮ ಗಾದೆ ಸೋಲುವುದು ಇಲ್ಲೇ.

ಡಬ್ಬಿ ತೆರೆಯಬೇಡಿ, ಸುಡಬೇಡಿ, ಹೂಳಬೇಡಿ, ಹಳ್ಳದ ಕಡೆ ತರಲೇಬೇಡಿ. ಮುಚ್ಚಳ ಬಿಗಿಯಾದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ಹೆಸರು ಬರೆದು ಬೀಗ ಹಾಕಿ. ಹಾಸನದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಕಾಗದದಲ್ಲಿ ಬರೆದು ತಿಳಿಸಿ, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಅನುಮತಿ ಇರುವವರ ಮೂಲಕವೇ ಕಳಿಸಿ. ಓಡಾಟ ಇದೆ. ಆದರೂ ಬೇರೆ ಒಳದಾರಿ ಹೇಳಲಾರೆ.

ಪ್ರಶ್ನೆ: 2025ರ ಮೇನಲ್ಲಿ ಕೊಚ್ಚಿಯ ಹತ್ತಿರ ಮುಳುಗಿದ ಹಡಗಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತಂತೆ. ಅದು ಈಗಲೂ ನೀರಿನಲ್ಲಿ ಇರುತ್ತದೆಯೇ? (ಹಾಸನದ ಕಾಲೇಜು ವಿದ್ಯಾರ್ಥಿ)

ಉತ್ತರ: ಎಂಎಸ್‌ಸಿ ಎಲ್ಸಾ 3. 640 ಕಂಟೇನರ್‌ಗಳಿದ್ದವು, 12ರಲ್ಲಿ ಕಾರ್ಬೈಡ್. ಬಾಳೆಗೊನೆ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಬುಸುಗುಟ್ಟಿ ಅಸಿಟಿಲೀನ್ ಅನಿಲ ಬಿಡುತ್ತದೆ, ಹಿಂದೆ ಉಳಿಯುವುದು ಸುಣ್ಣ. ಹತ್ತಿರ ಬೆಂಕಿ ಇದ್ದರೆ ಅಪಾಯ, ಆದರೆ ನೀರಿಗೆ ಬಿದ್ದದ್ದು ಬೇಗ ಮುಗಿದುಹೋಗುವ ಅಪಾಯ. ಪತ್ರಿಕೆಗಳು ಕಾರ್ಬೈಡಿನ ಹಿಂದೆ ಬಿದ್ದವು. ನನಗೆ ದಿಗಿಲಾದದ್ದು ಕೇರಳದ ದಂಡೆಗೆ ಬಂದು ಬಿದ್ದ ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಕಾಳು ನೋಡಿ. ಅದು ಕೊಳೆಯುವುದಿಲ್ಲ, ಮೀನಿನ ಕಣ್ಣಿಗೆ ಮೊಟ್ಟೆಯಂತೆ ಕಾಣುತ್ತದೆ, ನೀರಿನಲ್ಲಿರುವ ಕೊಬ್ಬುಪ್ರಿಯ ವಿಷಗಳನ್ನು ಮೈಗೆ ಅಂಟಿಸಿಕೊಂಡು ತೇಲುತ್ತದೆ.

ಪ್ರಶ್ನೆ: ಮಗಳು ಬಾಣಂತನಕ್ಕೆಂದು ಮನೆಗೆ ಬಂದಿದ್ದಾಳೆ, ಈಗ ಏಳು ತಿಂಗಳು. ಮೊಬೈಲಿನಲ್ಲಿ ನೋಡಿ 'ಪಾದರಸ ಇರುತ್ತೆ, ಮ್ಯಾಕರೆಲ್ ತಿನ್ನಬಾರದು' ಅಂತ ಬಂಗುಡೆ ಮುಟ್ಟುತ್ತಿಲ್ಲ. ಅವಳಿಗೆ ಬಂಗುಡೆ ಅಂದರೆ ಪ್ರಾಣ. (ಚಿಕ್ಕಮಗಳೂರಿನ ಗೃಹಿಣಿ)

ಉತ್ತರ: ಅಮ್ಮಾ, ಇದು ಹೆಸರಿನ ಎಡವಟ್ಟು. ಅಮೆರಿಕದವರ ಪಟ್ಟಿಯಲ್ಲಿ ಬೇಡ ಅಂದಿರುವುದು ಕಿಂಗ್ ಮ್ಯಾಕರೆಲ್, ನಮ್ಮ ಅಂಜಲ್‌ನ ಹತ್ತಿರದ ನೆಂಟ. ಬಂಗುಡೆ ಬೇರೆ. ಅದು ಚಿಕ್ಕದು, ಕೆಲವೇ ವರ್ಷ ಬದುಕುವುದು, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದು. ಬೂತಾಯಿಯೂ ಹಾಗೆಯೇ.

ಭಯಕ್ಕೆ ಕಾರಣ ಇಲ್ಲದಿಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಗೆ ಸೇರಿ, ಮೀನು ತಿಂದವರು ನರಗಳ ಕಾಯಿಲೆಗೆ ಬಿದ್ದದ್ದು 1956ರಲ್ಲಿ ಬೆಳಕಿಗೆ ಬಂತು. ತಾಯಂದಿರಲ್ಲಿ ಹೆಚ್ಚೇನೂ ಲಕ್ಷಣವಿಲ್ಲದಿದ್ದರೂ ಹೊಟ್ಟೆಯಲ್ಲಿದ್ದ ಮಕ್ಕಳಿಗೆ ಪೆಟ್ಟು ಬಿದ್ದಿತ್ತು. ಕಾರ್ಖಾನೆಯೇ ಬೇಕೆಂದಿಲ್ಲ, ಕಲ್ಲಿದ್ದಲು ಸುಟ್ಟ ಹೊಗೆಯಲ್ಲೂ ಪಾದರಸ ಬರುತ್ತದೆ. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಇದು ಕೊಬ್ಬಿಗಲ್ಲ, ಮಾಂಸದ ಪ್ರೋಟೀನಿಗೆ ಅಂಟುತ್ತದೆ. ಚರ್ಮ ಸುಲಿದರೂ, ಉಪ್ಪು ಅರಿಶಿನ ಹಚ್ಚಿ ತೊಳೆದರೂ, ಎಷ್ಟು ಹುರಿದರೂ ಹೋಗುವುದಿಲ್ಲ. ಮೀನು ದೊಡ್ಡದಾದಷ್ಟು, ಮುದಿಯಾದಷ್ಟು, ಬೇರೆ ಮೀನು ತಿಂದಷ್ಟು ಹೆಚ್ಚುತ್ತದೆ.

ಆದ್ದರಿಂದ ಹೆರಿಗೆ, ಹಾಲೂಡಿಸುವ ಕಾಲ ಮುಗಿಯುವವರೆಗೆ ಶಾರ್ಕ್, ದೊಡ್ಡ ಟ್ಯೂನಾ, ತುಂಡು ಮಾಡಿ ಮಾರುವ ಭಾರಿ ಅಂಜಲ್ ಬೇಡ. ಬಂಗುಡೆ, ಬೂತಾಯಿ ವಾರಕ್ಕೆ ಎರಡು ಸಲ ಧಾರಾಳವಾಗಿ ಮಾಡಿಕೊಡಿ. ಮಗುವಿನ ಮಿದುಳಿಗೆ ಬೇಕಾದ ಒಮೆಗಾ ಕೊಬ್ಬು ಅದರಲ್ಲೇ ಇದೆ. ಮೀನು ತಾಜಾ ಇರಲಿ, ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ನಮ್ಮ ಊರಿನವರೆಗೆ ಘಟ್ಟ ಹತ್ತಿ ಬರುವ ಬಂಗುಡೆಯಲ್ಲಿ ನಾನು ಮೊದಲು ನೋಡುವುದು ಐಸು ಸಾಕಷ್ಟು ಇತ್ತೋ ಇಲ್ಲವೋ ಅಂತ, ಪಾದರಸದ ಯೋಚನೆ ಆಮೇಲೆ.