"ಜೀವ ತುಂಬಿದರು" ಅಂದರೆ ಏನು?

ನಮಸ್ಕಾರ.

ಅನಂತ್ ನಾಗ್ ಬಗ್ಗೆ ನೀವು ಕಳಿಸಿದ ಹದಿನೈದು ಪುಟದ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೂ ಎರಡು ಸಾಲಿನ ವಿಷಾದ ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಹದಿಮೂರನೇ ಪುಟದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. "ಪಾತ್ರಕ್ಕೆ ಜೀವ ತುಂಬಿದರು" ಒಂಬತ್ತು ಕಡೆ ಬಂದಿದೆ. ಸುಮ್ನೆ ಹೇಳ್ತಿಲ್ಲ, ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. "ಪರಕಾಯ ಪ್ರವೇಶ" ಮೂರು ಸಲ. "ನಟಿಸಿಲ್ಲ, ಬದುಕಿದ್ದಾರೆ" ಎರಡು ಸಲ. ಈ ಸಾಲುಗಳಲ್ಲಿ ಹೆಸರು ಬದಲಿಸಿದರೆ ಲೋಕೇಶ್‌ಗೂ ಹೊಂದುತ್ತವೆ, ಅಶ್ವತ್ಥ್‌ಗೂ ಹೊಂದುತ್ತವೆ. ಹಾಗಾದರೆ ಅನಂತ್ ನಾಗ್ ಬಗ್ಗೆ ನೀವು ಹೇಳಿದ್ದೇನು?

1948ರಲ್ಲಿ ಹುಟ್ಟಿದ್ದರಿಂದ ಶುರು ಮಾಡಿ 2025ರ ಪದ್ಮಭೂಷಣದವರೆಗೆ ಬಂದಿದ್ದೀರಿ. ನಡುವೆ ದಿನಸಿ ಚೀಟಿಯ ಹಾಗೆ ಸಿನಿಮಾಗಳ ಹೆಸರು. ಅದರಲ್ಲೂ ತಪ್ಪುಗಳಿವೆ. 'ಅಂಕುರ್' ಅವರ ಮೊದಲ ಸಿನಿಮಾ ಅಲ್ಲ. ಅದಕ್ಕೂ ಮುಂಚೆ ಕನ್ನಡದಲ್ಲಿ 'ಸಂಕಲ್ಪ' ಮಾಡಿದ್ದರು. 'ಅಂಕುರ್' ಮೊದಲನೆಯದಾಗಿದ್ದು ನಿರ್ದೇಶಕ ಶ್ಯಾಮ್ ಬೆನಗಲ್ ಅವರಿಗೆ. 'ಮಾಲ್ಗುಡಿ ಡೇಸ್' ನಿರ್ದೇಶಿಸಿದ್ದು ಶಂಕರ್ ನಾಗ್; ಅಣ್ಣ ಅನಂತ್ ಅದರಲ್ಲಿ ಮಿಠಾಯಿ ವ್ಯಾಪಾರಿ ಜಗನ್ ಆಗಿದ್ದರು. ರಾಜಕೀಯಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮಲ್ಲೇಶ್ವರದ ಶಾಸಕರಾಗಿದ್ದರು, ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾಗಿದ್ದರು. ಒಂದು ಸಾಲು ಸಾಕು.

ಇನ್ನೊಂದು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಇಲ್ಲಿಯವರೆಗೆ ಸರಿ. "ಒಳಗೊಳಗೇ ಅಳುತ್ತಾ ಅವರು ನಮ್ಮನ್ನು ನಗಿಸಿದರು" ಅಂತ ಮುಂದಿನ ಸಾಲು. ಒಳಗಿನದು ನಿಮಗೆ ಹೇಗೆ ಗೊತ್ತಾಯಿತು? ತಮ್ಮನ ಬಗ್ಗೆ ಅವರೇ 'ನನ್ನ ತಮ್ಮ ಶಂಕರ' ಅಂತ ಪುಸ್ತಕ ಬರೆದಿದ್ದಾರೆ. ಅದನ್ನು ಓದಿ, ಇಲ್ಲವೇ ಆ ಸಾಲು ಹೊಡೆದು ಹಾಕಿ. ಬೇರೆಯವರ ದುಃಖವನ್ನು ನಾವು ಊಹೆಯ ಮೇಲೆ ಬರೆಯಬಾರದು.

ಈಗ ಹದಿಮೂರನೇ ಪುಟ. 'ಗಣೇಶನ ಮದುವೆ' ಬಗ್ಗೆ ಹೇಳ್ತಾ ಹೇಳ್ತಾ ನೀವು ಹೀಗೆ ಬರೆದಿದ್ದೀರಿ: "ನಮ್ಮಮ್ಮ ಟಿವಿಗೆ ಬೆನ್ನು ಹಾಕಿ, ಈಳಿಗೆ ಮಣೆ ಮುಂದೆ ಕೂತು ತರಕಾರಿ ಹೆಚ್ಚುತ್ತಲೇ ಇಡೀ ಸಿನಿಮಾ ಮುಗಿಸಿಬಿಡುತ್ತಿದ್ದರು." ಅಷ್ಟು ಬರೆದು ಸೀದಾ ಪ್ರಶಸ್ತಿಗಳ ಪಟ್ಟಿಗೆ ಹೋಗಿಬಿಟ್ಟಿರಿ! ನಾನು ಅಲ್ಲೇ ನಿಂತೆ.

ಯೋಚನೆ ಮಾಡಿ. ಮುಖ ನೋಡದೆ ಒಬ್ಬ ನಟನ ಸಿನಿಮಾ ಮುಗಿಸುವುದು ಎಂದರೆ? ಅಮ್ಮ ನೋಡುತ್ತಿದ್ದದ್ದು ದನಿಯನ್ನು. ಅದೂ ಯಾವ ಸಿನಿಮಾ? ವಠಾರದ ಗಣೇಶ ಒಬ್ಬ ಗಾಯಕಿಯ ದನಿ ಕೇಳಿಯೇ ಮನಸೋಲುತ್ತಾನೆ. ಪಕ್ಕದ ಮನೆ ಆದಿಲಕ್ಷ್ಮಿ ಜೊತೆ ದಿನಾ ಜಗಳ. ಇಬ್ಬರೂ ಒಬ್ಬಳೇ ಅಂತ ಅವನಿಗೆ ಗೊತ್ತಿಲ್ಲ. ತೆರೆ ಮೇಲೆ ಅವನು ಕಾಣದ ದನಿಗೆ ಸೋತರೆ, ಈ ಕಡೆ ಅಡುಗೆಮನೆ ಬಾಗಿಲಲ್ಲಿ ಅಮ್ಮ ಅವನ ದನಿಗೆ. ಇಷ್ಟು ಚಂದದ ಜೋಡಿ ಕೈಗೆ ಸಿಕ್ಕಿದೆ, ನೀವು ಗಮನಿಸಿಯೇ ಇಲ್ಲ.

ನಿಮ್ಮ ಲೇಖನ ಇದೇ. ಅನಂತ್ ನಾಗ್ ಅವರ ದನಿ. ಉಳಿದದ್ದೆಲ್ಲ ಇದಕ್ಕೆ ಬೇಕಿದ್ದರೆ ಬರಲಿ, ಬೇಡವಾದರೆ ಹೋಗಲಿ. ಅವರ ಮನೆಮಾತು ಕೊಂಕಣಿ. ಮುಂಬೈಯಲ್ಲಿ ಕೊಂಕಣಿ, ಮರಾಠಿ, ಹಿಂದಿ ನಾಟಕಗಳನ್ನು ಮಾಡಿದವರು. ನೀವು ಇದನ್ನು ಜೀವನಚರಿತ್ರೆಯ ವಿವರ ಅಂತ ಎರಡನೇ ಪುಟದಲ್ಲಿ ಹೂತು ಹಾಕಿದ್ದೀರಿ. ಇಷ್ಟು ಭಾಷೆಗಳಲ್ಲಿ ರಂಗದ ಮೇಲೆ ನಿಂತು ಮಾತಾಡಿದವರ ಕನ್ನಡ ಕಿವಿಗೆ ಹೇಗೆ ಕೇಳುತ್ತದೆ? ಮಾತಿನ ಕೊನೆ ನುಂಗುತ್ತಾರಾ, ಬಿಡಿಸಿ ಹೇಳುತ್ತಾರಾ? ಕಣ್ಣು ಮುಚ್ಚಿ ಕೇಳಿ ಬರೆಯಿರಿ.

ಆಮೇಲೆ ಈ ಎಳೆ ಹಿಡಿದು ಹಳೆಯದನ್ನೆಲ್ಲ ಮತ್ತೆ ನೋಡಿ. 'ಅಂಕುರ್' ಕೊನೆಯಲ್ಲಿ ಅವರ ಪಾತ್ರ, ಜಮೀನ್ದಾರನ ಮಗ ಸೂರ್ಯ, ಕಿಷ್ಟಯ್ಯನಿಗೆ ಹೊಡೆಯುತ್ತಾನೆ. ಹೊಡೆಸಿಕೊಳ್ಳುವವನಿಗೆ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಅಲ್ಲಿ ಮಾತಾಡುವುದು, ಶಾಪ ಹಾಕುವುದು ಅವನ ಹೆಂಡತಿ ಲಕ್ಷ್ಮಿ. ಸೂರ್ಯನ ಬಾಯಲ್ಲಿ ಉತ್ತರ ಇಲ್ಲ. 'ಹಂಸಗೀತೆ'ಯಲ್ಲಿ ಅವರು ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ. "ತಮ್ಮ ಕಂಠದಿಂದ ರಂಜಿಸಿದರು" ಅಂತ ಬರೆದಿದ್ದೀರಲ್ಲ, ಆ ಕಂಠ ಬಾಲಮುರಳಿಕೃಷ್ಣ ಅವರದು! ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹಾಡುವ ದನಿ ಬೇರೆಯವರದಾದರೆ ನಟನ ಪಾಲಿಗೆ ಉಳಿಯುವುದೇನು? ಅದೂ ಕೊನೆಯಲ್ಲಿ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಪಾತ್ರದಲ್ಲಿ? ಇದೊಂದಕ್ಕೇ ಎರಡು ಪುಟ ಕೊಟ್ಟರೂ ಜಾಸ್ತಿ ಆಗಲ್ಲ.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಬಗ್ಗೆ "ಕಣ್ಣೀರು ತರಿಸುತ್ತದೆ" ಅಂದಿದ್ದೀರಿ. ತರಿಸುತ್ತದೆ, ಒಪ್ಪಿದೆ. ಆದರೆ ವೆಂಕೋಬ ರಾಯರಿಗೆ ಮರೆವಿನ ಕಾಯಿಲೆ. ಮರೆತವನು ಮಾತಾಡುವಾಗ ಯಾವ ಪದದ ಮುಂದೆ ತಡೆಯುತ್ತಾನೆ, ಯಾವುದನ್ನು ತಡವರಿಸದೆ ಹೇಳುತ್ತಾನೆ? ಒಂದೇ ಒಂದು ದೃಶ್ಯ ತೆಗೆದುಕೊಂಡು ಬರೆಯಿರಿ.

'ಕೆಜಿಎಫ್' ಮೊದಲ ಭಾಗವನ್ನು "ಚಿಕ್ಕ ಪಾತ್ರ" ಅಂತ ತಳ್ಳಿಹಾಕಿದ್ದೀರಿ. ಕೂತಲ್ಲೇ ಕೂತಿರುತ್ತಾರೆ, ನಿಜ. ಆದರೆ ಅಷ್ಟು ಹೊಡೆದಾಟದ ಆ ಕಥೆಯನ್ನು ನಮಗೆ ಹೇಳುವವರು ಅವರೇ ಅಲ್ವಾ? ನಾಯಕ ರಾಕಿ ಯಾರು ಅಂತ ಪ್ರೇಕ್ಷಕ ನಂಬುವುದು ಅವರ ಪಾತ್ರ ಆನಂದ್ ಇಂಗಳಗಿ ಹೇಳಿದ್ದಕ್ಕೆ. ನಿಮ್ಮಮ್ಮ ಇದನ್ನೂ ಬೆನ್ನು ಹಾಕಿಯೇ ನೋಡಿರಬಹುದು.

ಆರು ಪುಟ ಸಾಕು. ಪ್ರಶಸ್ತಿಗಳನ್ನು ಬಿಡಿ, ಹುಟ್ಟಿದ ದಿನಾಂಕ ಬಿಡಿ. ಈಳಿಗೆ ಮಣೆಯಿಂದಲೇ ಶುರು ಮಾಡಿ. ಮುಂದಿನ ತಿಂಗಳು ಕಳಿಸಿದರೂ ಪರವಾಗಿಲ್ಲ, ಅವಸರ ಬೇಡ.

ಬರೆಯುವ ಮುಂಚೆ ಅಮ್ಮನನ್ನು ಒಂದು ಮಾತು ಕೇಳಿ. ಕೈ ನಿಲ್ಲಿಸಿ ಟಿವಿ ಕಡೆ ತಿರುಗಿ ನೋಡಿದ್ದು ಯಾವತ್ತಾದರೂ ಇತ್ತಾ? ಇದ್ದರೆ ಯಾವ ದೃಶ್ಯಕ್ಕೆ?

ಇಂತಿ,
ಸಂಪಾದಕ