ಮೊದಲು ಹ್ಯಾಕಿಂಗ್ ಬೇಡ, ಪ್ಯಾಕೆಟ್ ನೋಡಲಿ
ಕಮ್ಯುನಿಟಿ ಕಾಲೇಜಿನ ಎರಡು ವರ್ಷಗಳ ನೆಟ್‌ವರ್ಕ್ ಭದ್ರತಾ ಕೋರ್ಸನ್ನು ಹ್ಯಾಕಿಂಗ್ ಉಪಕರಣಗಳಿಂದಲೇ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಬೇಡ ಎನ್ನುತ್ತೇನೆ. ವಿದ್ಯಾರ್ಥಿಗಳನ್ನು ಸೆಳೆಯುವುದು ಅದೇ, ಒಪ್ಪುತ್ತೇನೆ. ಆದರೆ ಪ್ಯಾಕೆಟ್, ಅಂದರೆ ಜಾಲದಲ್ಲಿ ಓಡಾಡುವ ದತ್ತಾಂಶದ ತುಣುಕು, ಹೇಗೆ ಸಾಗುತ್ತದೆಂದು ತಿಳಿಯದವರಿಗೆ, ಜಾಲದಲ್ಲಿ ಯಾವ ಯಂತ್ರ, ಯಾವ ಸೇವೆ ಇದೆಯೆಂದು ಹುಡುಕುವ ಎನ್‌ಮ್ಯಾಪ್ ಕೊಡುವ ಉತ್ತರ ಅರ್ಥವಾಗುವುದಿಲ್ಲ.

ಒಂದೇ ಕಂಪ್ಯೂಟರಿನೊಳಗೆ ಹಲವು ಕೃತಕ ಯಂತ್ರಗಳನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಯಂತ್ರಗಳನ್ನು, ಹೊರಗಿನ ಜಾಲಕ್ಕೆ ತಾಗದಂತೆ, ಜೋಡಿಸಿ. ಮೊದಲು, ದೂರದ ಯಂತ್ರವನ್ನು ಪ್ರವೇಶಿಸುವ ಹಳೆಯ ವಿಧಾನವಾದ ಟೆಲ್‌ನೆಟ್ ಮೂಲಕ ಲಾಗಿನ್ ಮಾಡಿಸಿ, ಅದು ಬಳಸುವ 23ನೇ ಪೋರ್ಟಿನ (ಸೇವೆಯ ಸಂಖ್ಯಾ ದ್ವಾರದ) ಸಂಚಾರವನ್ನು, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ತೋರಿಸಿ: ಪಾಸ್‌ವರ್ಡ್ ಅಕ್ಷರಕ್ಷರವೂ ಬಯಲಾಗಿರುತ್ತದೆ. ಅದನ್ನೇ 22ನೇ ಪೋರ್ಟಿನ, ಸಂಚಾರವನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್‌ನಲ್ಲಿ ಮಾಡಿಸಿದರೆ ಗೂಢಲಿಪೀಕರಣ ಏಕೆ ಬೇಕೆಂದು ನೀವು ಉಪನ್ಯಾಸ ಕೊಡಬೇಕಾಗಿಲ್ಲ.

ಲಾಗ್, ಅಂದರೆ ಯಂತ್ರಗಳು ತಾವೇ ಬರೆದಿಡುವ ಘಟನೆಗಳ ದಾಖಲೆ, ಓದುವ ಅಭ್ಯಾಸವನ್ನಂತೂ ಕೈಬಿಡಬೇಡಿ. ನೀರಸ, ನಿಜ. ಆದರೆ ಭದ್ರತಾ ನಿಗಾ ಕೇಂದ್ರಗಳ ಆರಂಭಿಕ ಹುದ್ದೆಗಳಲ್ಲಿ ಹೆಚ್ಚಿನ ಸಮಯ ಹೋಗುವುದು ಸುಳ್ಳು ಎಚ್ಚರಿಕೆಗಳ ರಾಶಿಯಿಂದ ನಿಜವಾದುದನ್ನು ಹೆಕ್ಕುವುದರಲ್ಲೇ. ಭದ್ರತೆಯ ಆರಂಭಿಕ ಪ್ರಮಾಣಪತ್ರವಾದ ಸೆಕ್ಯುರಿಟಿ ಪ್ಲಸ್‌ನ ಪರೀಕ್ಷೆ ಕೊನೆಯ ಸೆಮಿಸ್ಟರಿಗಿರಲಿ.